ಹತ್ತನೆಯ ಮನೆ, ಹತ್ತನೆಯ ತರಗತಿ



ತಮಿಳುನಾಡಿನ ತೇನಿ ಜಿಲ್ಲೆಯಲ್ಲಿ, ಪಶ್ಚಿಮಘಟ್ಟದ ಬುಡಕ್ಕೆ ಒತ್ತಿಕೊಂಡು, ಕಂಬಂ ಕಣಿವೆ ಹಬ್ಬಿದೆ. ಕಂಬಂ, ದೇವಾರಂ, ಬೋಡಿನಾಯಕನೂರು ಕಡೆಯ ಕೆಲವು ಕೇರಿಗಳಲ್ಲಿ ಇಂದಿಗೂ ಮನೆಯೊಳಗೆ ಕನ್ನಡ ಕೇಳಿಸುತ್ತದೆ. ತಲೆಮಾರುಗಳ ಹಿಂದೆ ದನಕರುಗಳೊಂದಿಗೆ ಕನ್ನಡ ನಾಡಿನಿಂದ ತೆಂಕಣಕ್ಕೆ ಇಳಿದ ಒಕ್ಕಲಿಗರ ಮನೆಗಳು ಅವು. ಸುತ್ತಲಿನ ತಮಿಳರು ಅವರನ್ನು ಕಾಪ್ಪಿಲಿಯರ್ ಎಂದೂ ಕರೆಯುತ್ತಾರೆ. ಆ ಮನೆಗಳಲ್ಲಿ ಅಡುಗೆಮನೆಯ ಮಾತು ಕನ್ನಡ, ಶಾಲೆಯ ಪಾಠ ತಮಿಳು, ಮಗು ಹುಟ್ಟಿದಾಗ ಬರೆಸುವ ಜಾತಕವೂ ತಮಿಳು. ಆ ಜಾತಕದ ಪುಸ್ತಕ ಪೆಟ್ಟಿಗೆಯಿಂದ ಹೊರಗೆ ಬರುವುದು ಹೆಚ್ಚಾಗಿ ಎರಡು ಸಂದರ್ಭಗಳಲ್ಲಿ. ಒಂದು ಮದುವೆ. ಇನ್ನೊಂದು, ಹತ್ತನೆಯ ಅಥವಾ ಹನ್ನೆರಡನೆಯ ತರಗತಿಯ ಫಲಿತಾಂಶ.

ಮುಂದೆ ಏನು ಓದಿಸೋಣ? ಯಾವ ಕೆಲಸ ಇವನ ಕೈಹಿಡಿಯುತ್ತದೆ? ಸರ್ಕಾರಿ ನೌಕರಿಯ ಯೋಗ ಇದೆಯೇ, ಇಲ್ಲ ಸ್ವಂತ ವ್ಯಾಪಾರವೇ? ಕಂಬಂನ ತಂದೆ ಕೇಳುವ ಈ ಪ್ರಶ್ನೆಗಳನ್ನು ಮಂಡ್ಯದ ತಂದೆಯೂ ಕೇಳುತ್ತಾರೆ, ಶಿರಸಿಯ ತಾಯಿಯೂ ಕೇಳುತ್ತಾರೆ. ಮಗು ತನಗೆ ಒಪ್ಪುವ ಕೆಲಸವನ್ನು ಹುಡುಕಿಕೊಳ್ಳಲಿ, ಅದರಲ್ಲಿ ತೃಪ್ತಿಯಿಂದ ಬಾಳಲಿ ಎಂಬ ಆಸೆಗಿಂತ ಒಳ್ಳೆಯ ಆಸೆ ತಂದೆತಾಯಿಗಳಿಗೆ ಇನ್ನಾವುದಿದೆ? ಆ ಆಸೆಗೆ ನನ್ನ ಗೌರವ ಪೂರ್ತಿಯಾಗಿ ಇದೆ. ಅದಕ್ಕೆ ಜಾತಕದಲ್ಲಿ ಉತ್ತರ ಸಿಗುತ್ತದೆಯೇ ಎಂಬುದನ್ನು ಇಂದು ನಿಮ್ಮೊಂದಿಗೆ ಯೋಚಿಸಬೇಕೆಂದಿದ್ದೇನೆ.

ಇದಕ್ಕಾಗಿ ಕಂಬಂ ಕಣಿವೆಯನ್ನೇ ಆರಿಸಿಕೊಂಡದ್ದಕ್ಕೆ ಕಾರಣವಿದೆ. ಕಣಿವೆಯಲ್ಲಿ ಚಿನ್ನಮನೂರಿನ ಹತ್ತಿರ ಕುಚ್ಚನೂರು ಎಂಬ ಊರು. ಅಲ್ಲಿ ಸುರಭಿ ನದಿಯ ದಡದಲ್ಲಿ ಶನೀಶ್ವರನ ದೇವಸ್ಥಾನ. ನವಗ್ರಹಗಳ ಸಾಲಿನಲ್ಲಿ ಒಬ್ಬನಾಗಿ ನಿಂತ ಶನಿಯಲ್ಲ ಅವನು, ತಾನೇ ಮೂಲದೇವರು. ಸ್ವಯಂಭು ಎಂದು ಭಕ್ತರ ನಂಬಿಕೆ. ಶನಿವಾರಗಳಲ್ಲಿ, ಅದರಲ್ಲೂ ತಮಿಳರ ಆಡಿ ತಿಂಗಳ ಶನಿವಾರಗಳಲ್ಲಿ, ಜನ ಕಿಕ್ಕಿರಿಯುತ್ತಾರೆ. ಎಳ್ಳಿನ ದೀಪ ಹಚ್ಚುತ್ತಾರೆ, ಕಾಗೆಗೆ ಅನ್ನ ಇಡುತ್ತಾರೆ. ಸಾಡೇಸಾತಿ ಕಳೆಯಲಿ ಎಂದು ಬರುವವರ ನಡುವೆ ಕೆಲಸ ಹೋದವರು, ಕೆಲಸ ಸಿಗದವರು, ಇರುವ ಕೆಲಸದಲ್ಲಿ ನೆಮ್ಮದಿ ಕಾಣದವರು ಇರುತ್ತಾರೆ. ಜ್ಯೋತಿಷದಲ್ಲಿ ಶನಿ ಕರ್ಮಕಾರಕ, ದುಡಿಮೆಯ ಗ್ರಹ. ದುಡಿಮೆಯ ಗ್ರಹಕ್ಕೆ ಕೃಷಿಯ ಕಣಿವೆಯೊಂದರಲ್ಲಿ ಇಷ್ಟು ದೊಡ್ಡ ಸ್ಥಾನ ಸಿಕ್ಕಿರುವುದನ್ನು ನಾನು ಸುಮ್ಮನೆ ತಳ್ಳಿಹಾಕಲಾರೆ. ದೇವರ ಮುಂದೆ ದೀಪ ಹಚ್ಚಿ ಮನಸ್ಸು ಹಗುರ ಮಾಡಿಕೊಳ್ಳುವುದು ಒಂದು ವಿಷಯ, ಹದಿನೈದು ವರ್ಷದ ಮಗುವಿನ ಓದನ್ನು ಕುಂಡಲಿ ನೋಡಿ ತೀರ್ಮಾನಿಸುವುದು ಬೇರೆಯೇ ವಿಷಯ. ನಾನು ಮಾತಾಡುತ್ತಿರುವುದು ಎರಡನೆಯದರ ಬಗ್ಗೆ.

ಶಾಸ್ತ್ರ ಏನು ಹೇಳುತ್ತದೆ ಎಂದು ಮೊದಲು ನೋಡೋಣ. ಲಗ್ನದಿಂದ ಎಣಿಸಿದರೆ ಹತ್ತನೆಯ ಮನೆ ಕರ್ಮಸ್ಥಾನ. ಆರನೆಯ ಶತಮಾನದ ವರಾಹಮಿಹಿರ ತನ್ನ ಬೃಹಜ್ಜಾತಕದಲ್ಲಿ ಜೀವನೋಪಾಯಕ್ಕೆಂದೇ ಒಂದು ಅಧ್ಯಾಯ ಮೀಸಲಿಟ್ಟಿದ್ದಾನೆ. ಕನ್ನಡದಲ್ಲಿಯೂ ಜಾತಕಶಾಸ್ತ್ರ ಹಳೆಯದು: ಶ್ರೀಧರಾಚಾರ್ಯ 1049ರಲ್ಲಿ ಬರೆದ ಜಾತಕತಿಲಕ ಕನ್ನಡದ ಮೊದಲ ಜ್ಯೋತಿಷ ಗ್ರಂಥ. ಸಂಸ್ಕೃತದಲ್ಲಿದ್ದ ವಿದ್ಯೆಯನ್ನು ಸುಮಾರು ಸಾವಿರ ವರ್ಷಗಳ ಹಿಂದೆಯೇ ಜನರ ಭಾಷೆಗೆ ತಂದ ಆ ಪರಿಶ್ರಮ ಸಣ್ಣದಲ್ಲ.

ವರಾಹಮಿಹಿರನ ಸೂತ್ರ ಹೀಗೆ: ಲಗ್ನ, ಚಂದ್ರ ಅಥವಾ ಸೂರ್ಯನಿಂದ ಹತ್ತನೆಯ ಮನೆಯ ಅಧಿಪತಿ ಯಾರೆಂದು ಗೊತ್ತುಮಾಡಬೇಕು, ಆ ಗ್ರಹ ಯಾವ ನವಾಂಶದಲ್ಲಿ (ಅಂದರೆ ರಾಶಿಯ ಒಂಬತ್ತು ಪಾಲುಗಳಲ್ಲಿ ಯಾವ ಪಾಲಿನಲ್ಲಿ) ಇದೆಯೋ ಆ ನವಾಂಶದ ಒಡೆಯನಿಂದ ವೃತ್ತಿ ಹೇಳಬೇಕು. ಸೂರ್ಯನಾದರೆ ಚಿನ್ನ, ಉಣ್ಣೆ, ಔಷಧಿ. ಚಂದ್ರನಾದರೆ ಬೇಸಾಯ ಮತ್ತು ನೀರಿನಲ್ಲಿ ಹುಟ್ಟುವ ವಸ್ತುಗಳು. ಕುಜನಾದರೆ ಲೋಹ, ಬೆಂಕಿ, ಆಯುಧ. ಬುಧನಾದರೆ ಬರವಣಿಗೆ, ಗಣಿತ, ಕಾವ್ಯ, ಶಿಲ್ಪ. ಗುರುವಿಗೆ ದೇವರು, ಧರ್ಮ, ಗಣಿ. ಶುಕ್ರನಿಗೆ ರತ್ನ, ಬೆಳ್ಳಿ, ಹಸು, ಎಮ್ಮೆ. ಇನ್ನು ಶನಿಗೆ ಮೈಮುರಿಯುವ ಶ್ರಮ, ಕೊಲ್ಲುವ ಕೆಲಸ, ಹೊರೆ ಹೊರುವುದು, ಕೀಳೆಂದು ಎಣಿಸಿದ ಕಸುಬುಗಳು.

ಈ ಪಟ್ಟಿಯನ್ನು ಓದಿದಾಗಲೆಲ್ಲ ಕೊನೆಯ ಸಾಲಿನಲ್ಲಿ ನಾನು ನಿಲ್ಲುತ್ತೇನೆ. ಕೀಳು ಕಸುಬು ಎಂದು ಯಾವ ಗ್ರಹ ಹೇಳಿತು? ಅದನ್ನು ಹೇಳಿದ್ದು ಆ ಕಾಲದ ಸಮಾಜ. ಕಣಿವೆಗೆ ಹತ್ತಿರದ ದಿಂಡುಗಲ್ಲಿನ ಚರ್ಮ ಹದಮಾಡುವವರು, ಬೀಗ ಮಾಡುವವರು, ಬೋಡಿನಾಯಕನೂರಿನ ಏಲಕ್ಕಿ ಮೂಟೆ ಹೊರುವವರು ಆ ಶನಿಯ ಪಾಲಿಗೆ ಬೀಳುತ್ತಾರೆ. ಸಮಾಜದ ಮೇಲು ಕೀಳುಗಳನ್ನು ಆಕಾಶಕ್ಕೆ ಏರಿಸಿ, ಅಲ್ಲಿಂದ ಮತ್ತೆ ಮಗುವಿನ ತಲೆಯ ಮೇಲೆ ಇಳಿಸಿದರೆ ಅದು ಭವಿಷ್ಯ ಹೇಳಿದ ಹಾಗಲ್ಲ, ಹಳೆಯ ಅನ್ಯಾಯವನ್ನೇ ಇನ್ನೊಮ್ಮೆ ಹೇಳಿದ ಹಾಗೆ. ಈಗಿನ ಜೋಯಿಸರು ಇದನ್ನು ಒಂದಿಷ್ಟು ತಿದ್ದಿಕೊಂಡಿದ್ದಾರೆ. ಶನಿಗೆ ಕಬ್ಬಿಣ, ಎಣ್ಣೆ, ಯಂತ್ರ ಎನ್ನುತ್ತಾರೆ, ಬುಧನಿಗೆ ಕಂಪ್ಯೂಟರ್ ಸೇರಿಸಿದ್ದಾರೆ. ತಿದ್ದಿದ್ದು ಒಳ್ಳೆಯದೇ. ಆದರೆ ಲೋಕದಲ್ಲಿ ಹೊಸ ಕೆಲಸ ಹುಟ್ಟಿದ ಮೇಲೆ ಅದಕ್ಕೊಂದು ಗ್ರಹ ಹುಡುಕುತ್ತಾರೆ ಎಂದಾಗ, ಕೆಲಸದ ಅರಿವು ಗ್ರಹದಿಂದ ಬಂದದ್ದಲ್ಲ ಎಂಬುದು ಅಲ್ಲೇ ಗೊತ್ತಾಗುತ್ತದೆ.

ಈಗ ಲೆಕ್ಕಕ್ಕೆ ಬರೋಣ. ರಾಶಿಚಕ್ರದಲ್ಲಿ 108 ನವಾಂಶಗಳು. ಶನಿ ಒಂದು ಸುತ್ತು ಬರಲು ಸುಮಾರು ಇಪ್ಪತ್ತೊಂಬತ್ತೂವರೆ ವರ್ಷ ಬೇಕು. ಅಂದರೆ ಒಂದು ನವಾಂಶದಲ್ಲಿ ಸರಾಸರಿ ನೂರು ದಿನ ಇರುತ್ತಾನೆ. ಮೇಷ ಲಗ್ನಕ್ಕೆ ಹತ್ತನೆಯ ಮನೆ ಮಕರ, ವೃಷಭ ಲಗ್ನಕ್ಕೆ ಕುಂಭ. ಎರಡರ ಒಡೆಯನೂ ಶನಿಯೇ. ಒಂದೊಂದು ಲಗ್ನವೂ ದಿನಕ್ಕೆ ಸುಮಾರು ಎರಡು ಗಂಟೆ ಇರುತ್ತದೆ. ಹಾಗಾದರೆ ಆ ನೂರು ದಿನಗಳಲ್ಲಿ, ಪ್ರತಿದಿನ ಈ ನಾಲ್ಕು ಗಂಟೆಗಳಲ್ಲಿ ಹುಟ್ಟಿದ ಮಕ್ಕಳಿಗೆಲ್ಲ ಲಗ್ನದಿಂದ ಎಣಿಸುವ ಈ ಸೂತ್ರದ ಉತ್ತರ ಒಂದೇ. ಕಂಬಂನಲ್ಲಿ ಹುಟ್ಟಿದ ಮಗುವಿಗೂ ಕಲಬುರಗಿಯಲ್ಲಿ ಹುಟ್ಟಿದ ಮಗುವಿಗೂ ಒಂದೇ. ಗ್ರಹದೃಷ್ಟಿ, ದೆಸೆ, ಭುಕ್ತಿ, ದಶಾಂಶ ಕುಂಡಲಿ ಎಂದು ಜೋಯಿಸರು ಇನ್ನೂ ಹಲವನ್ನು ಸೇರಿಸಿ ನೋಡುತ್ತಾರೆ, ನಿಜ. ಆದರೆ ಹಲವು ಸೂತ್ರಗಳು ಹಲವು ಉತ್ತರ ಕೊಟ್ಟಾಗ ಯಾವುದನ್ನು ಹಿಡಿಯಬೇಕೆಂದು ಆರಿಸುವುದು ಜೋಯಿಸರ ಅನುಭವ, ಎದುರಿಗೆ ಕೂತ ಮಗುವಿನ ಮುಖ, ತಂದೆಯ ಮಾತಿನ ಧಾಟಿ.

ಇನ್ನೂ ಗಂಭೀರವಾದದ್ದು ಪಂಚಾಂಗದ ಮಾತು. ತಮಿಳುನಾಡಿನಲ್ಲಿ ವಾಕ್ಯ ಪಂಚಾಂಗ, ತಿರುಕ್ಕಣಿತ ಪಂಚಾಂಗ ಎಂದು ಎರಡು ಬಗೆ. ಮೊದಲನೆಯದು ಹಳೆಯ ಕೋಷ್ಟಕಗಳ ಲೆಕ್ಕ. ಎರಡನೆಯದು ಆಕಾಶದಲ್ಲಿ ಕಾಣುವ ಗ್ರಹಸ್ಥಾನಕ್ಕೆ ಹೊಂದಿಸಿದ ಲೆಕ್ಕ, ನಾವು ದೃಗ್ಗಣಿತ ಎನ್ನುವುದು. ತಿರುಕ್ಕಣಿತದ ಪ್ರಕಾರ ಶನಿ ಮಕರ ಬಿಟ್ಟು ಕುಂಭಕ್ಕೆ ಬಂದದ್ದು 2023ರ ಜನವರಿ 17ರಂದು. ವಾಕ್ಯ ಪಂಚಾಂಗದಂತೆ ತಿರುನಳ್ಳಾರಿನ ಪ್ರಸಿದ್ಧ ಶನಿ ದೇವಸ್ಥಾನದಲ್ಲಿ ಅದೇ ಸಂಕ್ರಮಣದ ಉತ್ಸವ ನಡೆದದ್ದು ಅದೇ ವರ್ಷದ ಡಿಸೆಂಬರ್ 20ರಂದು. ಹನ್ನೊಂದು ತಿಂಗಳ ವ್ಯತ್ಯಾಸ! ಈ ಹನ್ನೊಂದು ತಿಂಗಳಲ್ಲಿ ಮೇಷ ಲಗ್ನದಲ್ಲಿ ಹುಟ್ಟಿದ ಮಗುವಿನ ಕರ್ಮಾಧಿಪತಿ ಒಂದು ಜಾತಕದಲ್ಲಿ ಹತ್ತನೆಯ ಮನೆಯಲ್ಲೇ ಕೂತಿದ್ದಾನೆ, ಇನ್ನೊಂದರಲ್ಲಿ ಹನ್ನೊಂದನೆಯ ಮನೆಗೆ ದಾಟಿದ್ದಾನೆ. ಮಗು ಒಂದೇ, ಹುಟ್ಟಿದ ಗಳಿಗೆ ಒಂದೇ, ಜಾತಕ ಎರಡು. ಮುಂದೆ ಹದಿನೈದು ವರ್ಷಕ್ಕೆ ಆ ಮಗು ಯಾವ ವಿಷಯ ಆರಿಸಬೇಕೆಂಬುದು, ಹುಟ್ಟಿದಾಗ ಅಜ್ಜ ಯಾವ ಜೋಯಿಸರ ಮನೆಗೆ ಹೋಗಿದ್ದರು ಎಂಬುದರ ಮೇಲೆ ನಿಲ್ಲಬೇಕೇ?

ಪರೀಕ್ಷೆ ಮಾಡಿ ನೋಡಿದವರೂ ಇದ್ದಾರೆ. ಖಗೋಳವಿಜ್ಞಾನಿ ಜಯಂತ ನಾರಳೀಕರ್ ಮತ್ತು ಅವರ ಜೊತೆಗಾರರು 2008ರಲ್ಲಿ ಮಹಾರಾಷ್ಟ್ರದಲ್ಲಿ ಒಂದು ಪ್ರಯೋಗ ನಡೆಸಿದರು. ಓದಿನಲ್ಲಿ ಬಹಳ ಮುಂದಿದ್ದ ನೂರು ಮಕ್ಕಳ ಮತ್ತು ಬುದ್ಧಿಮಾಂದ್ಯರಾದ ನೂರು ಮಕ್ಕಳ ಜಾತಕಗಳನ್ನು ಸೇರಿಸಿ, ಪ್ರತಿ ಜ್ಯೋತಿಷಿಗೆ ನಲವತ್ತು ಜಾತಕ ಕೊಟ್ಟು, ಯಾರು ಯಾವ ಗುಂಪಿನವರು ಎಂದು ಹೇಳಿ ಎಂದರು. ಉತ್ತರ ಕಳಿಸಿದ 27 ಜ್ಯೋತಿಷಿಗಳ ಉತ್ತರಗಳಲ್ಲಿ ಸರಿಯಾದದ್ದು ಶೇಕಡಾ 46ರಷ್ಟು. ನಾಣ್ಯ ಚಿಮ್ಮಿ ಹೇಳಿದ್ದರೂ ಅರ್ಧದಷ್ಟು ಸರಿ ಬರುತ್ತಿತ್ತು. ಇಷ್ಟು ಢಾಳಾಗಿರುವ ವ್ಯತ್ಯಾಸವನ್ನೇ ಜಾತಕ ತೋರಿಸದಿದ್ದರೆ, ಮಗಳಿಗೆ ವಾಣಿಜ್ಯ ಒಳ್ಳೆಯದೋ ಜೀವಶಾಸ್ತ್ರ ಒಳ್ಳೆಯದೋ ಎಂಬ ಸೂಕ್ಷ್ಮವನ್ನು ಅದು ಹೇಳುತ್ತದೆಂದು ನಂಬಲು ನನ್ನ ಮನಸ್ಸು ಒಪ್ಪುವುದಿಲ್ಲ.

ಹಾಗಾದರೆ ವೃತ್ತಿಯನ್ನು ತೀರ್ಮಾನಿಸುವುದು ಯಾವುದು? ಮತ್ತೆ ಕಣಿವೆಗೇ ಹೋಗೋಣ. ಮುಲ್ಲಪೆರಿಯಾರ್ ಅಣೆಕಟ್ಟಿನ ಕೆಲಸ 1887ರಲ್ಲಿ ಶುರುವಾಗಿ 1895ರಲ್ಲಿ ಮುಗಿಯಿತು. ಎಂಜಿನಿಯರ್ ಪೆನ್ನಿಕ್ವಿಕ್ ಪಡುವಣಕ್ಕೆ ಹರಿಯುತ್ತಿದ್ದ ಪೆರಿಯಾರಿನ ನೀರನ್ನು ಬೆಟ್ಟ ಕೊರೆದು ಮೂಡಣಕ್ಕೆ ತಿರುಗಿಸಿದರು. ಮಳೆ ನಂಬಿದ್ದ ಕಣಿವೆಗೆ ಕಾಲುವೆ ಬಂತು, ಭತ್ತ ಬಂತು, ಮುಂದೆ ದ್ರಾಕ್ಷಿ ಬಂತು. ಕಂಬಂನ ಪನ್ನೀರ್ ದ್ರಾಕ್ಷಿಗೆ 2023ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿತು. ಕಣಿವೆಯ ಜನರ ಕೆಲಸವನ್ನು ಬದಲಿಸಿದ್ದು ಈ ನೀರು. ಅತ್ತ ದಿಂಡುಗಲ್ಲಿನಲ್ಲಿ ಇದರ ಉಲ್ಟಾ ನಡೆಯಿತು. ಕೈಯಲ್ಲೇ ಲಿವರ್ ಕೂಡಿಸಿ, ಒಂದರ ಕೀಲಿಕೈ ಇನ್ನೊಂದಕ್ಕೆ ಹೊಂದದ ಹಾಗೆ ಬೀಗ ಮಾಡುತ್ತಿದ್ದ ಕಮ್ಮಾರರ ಮಕ್ಕಳು, ಯಂತ್ರದ ಅಗ್ಗದ ಬೀಗಗಳ ಮುಂದೆ ನಿಲ್ಲಲಾರದೆ ಬೇರೆ ಕೆಲಸಕ್ಕೆ ಹೋದರು. ದಿಂಡುಗಲ್ ಬೀಗಕ್ಕೂ 2019ರಲ್ಲಿ ಅದೇ ಮಾನ್ಯತೆ ಬಂತು, ಆ ಹೊತ್ತಿಗೆ ಕಲಿಯುವ ಕೈಗಳು ಕಡಿಮೆಯಾಗಿದ್ದವು. ಆ ಕಮ್ಮಾರರ ಮನೆಗಳಲ್ಲಿ ಒಟ್ಟಿಗೇ ಎಲ್ಲರ ಹತ್ತನೆಯ ಮನೆ ಕೆಟ್ಟಿತೇ? ಕೆಟ್ಟದ್ದು ಮಾರುಕಟ್ಟೆ.

ಊರಿಗೆ ಯಾವ ಕೆಲಸ ಬರುತ್ತದೆ, ಯಾವುದು ಹೋಗುತ್ತದೆ ಎಂಬುದು ಹೀಗೆ. ಆದರೆ ಅವುಗಳಲ್ಲಿ ಈ ಮಗುವಿಗೆ ಒಪ್ಪುವುದು ಯಾವುದು? ಇದಕ್ಕೆ ಕಂಬಂನ ಕನ್ನಡಿಗರ ಹತ್ತಿರವೇ ಒಂದು ಉತ್ತರವಿದೆ ಎಂದು ನನಗೆ ಅನ್ನಿಸುತ್ತದೆ.

ಕಂಬಂನಲ್ಲಿ ನಂದಗೋಪಾಲಸ್ವಾಮಿಯ ಗುಡಿ ಇದೆ. ಅದು ಗುಡಿಯೂ ಹೌದು, ದನದ ಹಟ್ಟಿಯೂ ಹೌದು. ಅಲ್ಲಿರುವುದು ದೇವರ ಹಿಂಡು. ತಮಿಳಿನಲ್ಲಿ ತಂಬಿರಾನ್ ಮಾಡು, ಒಕ್ಕಲಿಗರ ಬಾಯಲ್ಲಿ ದೇವರ ಆವು. ಈ ಹಿಂಡಿನ ದನಗಳನ್ನು ನೇಗಿಲಿಗೆ ಕಟ್ಟುವುದಿಲ್ಲ. ಮಾಟ್ಟುಪ್ಪೊಂಗಲ್ ದಿನ ಸುತ್ತಲಿನ ಊರುಗಳವರೆಲ್ಲ ಬಂದು ಪೂಜೆ ಸಲ್ಲಿಸುತ್ತಾರೆ. ಹಿಂಡಿಗೊಂದು ಪಟ್ಟದ ಹೋರಿ. ಅದು ತೀರಿಕೊಂಡರೆ ಮುಂದಿನದನ್ನು ಆರಿಸುವ ಕ್ರಮವನ್ನು ಎಡ್ಗರ್ ಥರ್ಸ್ಟನ್ ದಕ್ಷಿಣ ಭಾರತದ ಜಾತಿ, ಬುಡಕಟ್ಟುಗಳನ್ನು ಕುರಿತ 1909ರ ತಮ್ಮ ಸಂಪುಟಗಳಲ್ಲಿ ದಾಖಲಿಸಿದ್ದಾರೆ. ಒಳ್ಳೆಯ ದಿನ ನೋಡಿ ಹಿಂಡನ್ನು ಒಂದೆಡೆ ಸೇರಿಸುತ್ತಾರೆ. ಕರ್ಪೂರ ಬೆಳಗಿ, ಮುಂದೆ ಕಬ್ಬಿನ ಕಟ್ಟು ಇಡುತ್ತಾರೆ. ಆಮೇಲೆ ಎಲ್ಲರೂ ಕಣ್ಣಿಟ್ಟು ಕಾಯುತ್ತಾರೆ. ಯಾವ ಹೋರಿ ತಾನಾಗಿ ಮುಂದೆ ಬಂದು ಕಬ್ಬಿಗೆ ಬಾಯಿ ಹಾಕುತ್ತದೋ ಅದಕ್ಕೇ ಪಟ್ಟ. ಅರಿಸಿನ ಕುಂಕುಮ ಹಚ್ಚಿ, ಹಾರ ಹಾಕಿ, ದೇವರೆಂದು ಕೈಮುಗಿಯುತ್ತಾರೆ.

ಭಕ್ತರಿಗೆ ಇದು ದೈವಸಂಕಲ್ಪ. ನಾನು ನೋಡುವುದು ಆ ಕ್ರಮದೊಳಗಿನ ವಿವೇಕವನ್ನು. ದಿನವನ್ನು ಗೊತ್ತುಮಾಡಿದವರು ಹಿರಿಯರು, ಕಬ್ಬನ್ನು ತಂದಿಟ್ಟವರೂ ಹಿರಿಯರೇ. ಮುಂದೆ ಬರುವುದನ್ನು ಮಾತ್ರ ಹೋರಿಗೇ ಬಿಟ್ಟಿದ್ದಾರೆ. ಹಗ್ಗ ಹಿಡಿದು ಎಳೆಯುವುದಿಲ್ಲ, ಕೋಲಿನಿಂದ ದೂಡುವುದಿಲ್ಲ. ದನದ ಸ್ವಭಾವ ಬಲ್ಲವರು ಹಾಕಿಕೊಂಡ ನಿಯಮ ಇದು. ಹೋರಿಗೆ ಕೊಡುವ ಈ ಅವಕಾಶವನ್ನು ಹೊಟ್ಟೆಯಲ್ಲಿ ಹುಟ್ಟಿದ ಮಕ್ಕಳಿಗೂ ಕೊಡಬಾರದೇ?

ಕಣಿವೆಯ ಇನ್ನೊಂದು ಊರು ಪಣ್ಣೈಪುರಂ. ಅಲ್ಲಿ 1943ರಲ್ಲಿ ಹುಟ್ಟಿದ ಹುಡುಗನನ್ನು ಇಂದು ಲೋಕ ಇಳಯರಾಜ ಎಂದು ಬಲ್ಲದು. ದಲಿತ ಕುಟುಂಬ, ಕೈಯಲ್ಲಿ ಹಣವಿಲ್ಲ. ಆದರೆ ಅಣ್ಣ ಪಾವಲರ್ ವರದರಾಜನ್ ಅವರದ್ದೊಂದು ಹಾಡಿನ ತಂಡವಿತ್ತು. ಹುಡುಗ ಆ ತಂಡದ ಜೊತೆ ಊರೂರು ಅಲೆದ, ಕೇಳಿಸಿಕೊಂಡ, ನುಡಿಸಿದ. ಮದರಾಸಿಗೆ ಹೋದ ಮೇಲೆ ಧನರಾಜ್ ಮಾಸ್ಟರ್ ಪಾಶ್ಚಾತ್ಯ ಸಂಗೀತ ಕಲಿಸಿದರು. ನಮ್ಮ ಕನ್ನಡ ಚಿತ್ರರಂಗದ ಜಿ.ಕೆ. ವೆಂಕಟೇಶ್ ಇಳಯರಾಜರನ್ನು ತಮ್ಮ ಸಹಾಯಕರನ್ನಾಗಿ ಇಟ್ಟುಕೊಂಡರು. 1976ರಲ್ಲಿ ಇಳಯರಾಜ ಸಂಗೀತ ನೀಡಿದ 'ಅನ್ನಕ್ಕಿಳಿ' ಚಿತ್ರ ಬಂತು. ಈ ಬದುಕಿನಲ್ಲಿ ಮೊದಲು ಇದ್ದದ್ದು ಕಿವಿ ತುಂಬುವ ಹಾಡು. ಆಮೇಲೆ ದಾರಿ ತೋರಿದ ಅಣ್ಣ, ಕಲಿಸಿದ ಗುರು, ಕೆಲಸ ಕೊಟ್ಟ ಹಿರಿಯ. ಪ್ರತಿಭೆ ಎಲ್ಲರಿಗೂ ಅಷ್ಟು ಇರಲಾರದು. ಆದರೆ ಒಬ್ಬ ಅಣ್ಣ, ಒಬ್ಬ ಗುರು, ಒಬ್ಬ ಹಿರಿಯ ಎಲ್ಲ ಮಕ್ಕಳಿಗೂ ಬೇಕು.

ಹೆಣ್ಣುಮಕ್ಕಳ ವಿಷಯ ಬೇರೆಯಾಗಿಯೇ ಹೇಳಬೇಕು. ನಾನು ಕಂಡಂತೆ ಮಗನ ಜಾತಕದಲ್ಲಿ ಹತ್ತನೆಯ ಮನೆಯನ್ನು ಕೇಳುವವರು ಮಗಳ ಜಾತಕದಲ್ಲಿ ಮೊದಲು ಏಳನೆಯ ಮನೆಯನ್ನು ಕೇಳುತ್ತಾರೆ, ಅಂದರೆ ಮದುವೆಯನ್ನು. "ಮದುವೆಯ ಯೋಗ ಬೇಗ ಇದೆ" ಎಂದು ಜೋಯಿಸರು ಹೇಳಿದ ಒಂದು ಮಾತಿಗೆ ಓದು ನಿಂತುಹೋದ ಹುಡುಗಿಯರು ನಮ್ಮ ಊರುಗಳಲ್ಲಿ ಎಷ್ಟು ಜನ! ಇದಕ್ಕೆ ಎದುರಾದ ಬಾಳೂ ಒಂದಿದೆ. ದಿಂಡುಗಲ್ಲಿನ ಹತ್ತಿರದ ಗಾಂಧಿಗ್ರಾಮಕ್ಕೆ ಹೋದವರು ಸೌಂದರಂ ರಾಮಚಂದ್ರನ್ ಅವರ ಹೆಸರನ್ನು ಕೇಳದೆ ಬರಲಾರರು. ಮದುರೆಯ ಉದ್ಯಮಿ ಟಿ.ವಿ. ಸುಂದರಂ ಅಯ್ಯಂಗಾರರ ಮಗಳು. ಎಳೆಯ ವಯಸ್ಸಿನಲ್ಲಿ ಮದುವೆ, ಎಳೆಯ ವಯಸ್ಸಿನಲ್ಲೇ ವೈಧವ್ಯ. ಆ ಕಾಲದ ಯಾವ ಲೆಕ್ಕದಲ್ಲಿ ಹಾಕಿದರೂ ಮುಗಿದುಹೋದ ಬಾಳು ಎನ್ನಬಹುದಾಗಿತ್ತು. ಆಕೆ ದೆಹಲಿಯ ಲೇಡಿ ಹಾರ್ಡಿಂಜ್ ಕಾಲೇಜಿನಲ್ಲಿ ಓದಿ ವೈದ್ಯೆಯಾದರು, ಜಿ. ರಾಮಚಂದ್ರನ್ ಅವರನ್ನು ಮರುಮದುವೆಯಾದರು, 1947ರಲ್ಲಿ ಇಬ್ಬರೂ ಸೇರಿ ಗಾಂಧಿಗ್ರಾಮವನ್ನು ಕಟ್ಟಿದರು. 1956ರಲ್ಲಿ ಅಲ್ಲಿ ಶುರುವಾದ ಗ್ರಾಮೀಣ ಸಂಸ್ಥೆ ಇಂದು ವಿಶ್ವವಿದ್ಯಾಲಯದ ಸ್ಥಾನ ಪಡೆದಿದೆ. ಹಳ್ಳಿಯ ಮಕ್ಕಳು ಅಲ್ಲಿ ಪದವಿ ಓದುತ್ತಾರೆ.

ಆಕಾಶದ ಮೇಲೆ ಆಸೆಯಿರುವ ಮಗುವಿಗೂ ಆ ಸೀಮೆಯಲ್ಲಿ ಜಾಗವಿದೆ. ದಿಂಡುಗಲ್ ಜಿಲ್ಲೆಯ ಕೊಡೈಕೆನಾಲಿನಲ್ಲಿ 1899ರಲ್ಲಿ ಸ್ಥಾಪನೆಯಾದ ಸೌರ ವೀಕ್ಷಣಾಲಯ ನೂರು ವರ್ಷಕ್ಕೂ ಮೇಲೆ ಸೂರ್ಯನ ಚಿತ್ರ ತೆಗೆಯುತ್ತ ಬಂದಿದೆ. ಸೂರ್ಯಕಲೆಗಳಲ್ಲಿ ಅನಿಲ ಹೊರಮುಖವಾಗಿ ಹರಿಯುವುದನ್ನು ಜಾನ್ ಎವರ್‌ಶೆಡ್ 1909ರಲ್ಲಿ ಕಂಡುಹಿಡಿದದ್ದು ಅಲ್ಲಿಯೇ. ಅದನ್ನು ಈಗ ನಡೆಸುವುದು ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ. ಪಂಚಾಂಗದ ಲೆಕ್ಕವನ್ನು ಕುತೂಹಲದಿಂದ ನೋಡುವ ಮಗು ನಿಮ್ಮ ಮನೆಯಲ್ಲಿದ್ದರೆ ಬೈದು ಓಡಿಸಬೇಡಿ. ಗ್ರಹಣದ ಹೊತ್ತನ್ನು ಹೇಗೆ ಲೆಕ್ಕ ಹಾಕುತ್ತಾರೆ ಎಂದು ಅದಕ್ಕೆ ತೋರಿಸುವವರನ್ನು ಹುಡುಕಿ. ಜಾತಕದ ಪುಸ್ತಕ ಹೀಗೂ ಒಂದು ವೃತ್ತಿಯ ಬಾಗಿಲು ತೆರೆಯಬಹುದು.

ಜೋಯಿಸರ ಮನೆಯಲ್ಲಿ ನಡೆಯುವ ಒಂದು ಒಳ್ಳೆಯ ಕೆಲಸವನ್ನು ನಾನು ಮರೆಯಲಾರೆ. ಅಲ್ಲಿ ತಂದೆ, ತಾಯಿ, ಮಗು ಮೂವರೂ ಒಂದು ಗಂಟೆ ಕೂತು ಮಗುವಿನ ಭವಿಷ್ಯವನ್ನೇ ಮಾತಾಡುತ್ತಾರೆ. ಬೇಸಾಯ, ಅಂಗಡಿ, ಪಾಳಿ ಕೆಲಸಗಳ ನಡುವೆ ಎಷ್ಟೋ ಮನೆಗಳಲ್ಲಿ ಅಂಥ ಗಂಟೆಯೇ ಸಿಗುವುದಿಲ್ಲ. ಅನುಭವಸ್ಥರಾದ ಕೆಲವು ಜೋಯಿಸರು ಗ್ರಹಗಳ ಹೆಸರಿನಲ್ಲಿ ಸಾಂತ್ವನ ಹೇಳುತ್ತಾರೆ, "ನಿನಗೇನು ಇಷ್ಟ?" ಎಂದು ಮಗುವನ್ನೇ ಕೇಳುತ್ತಾರೆ. ಆ ಪ್ರಶ್ನೆಯನ್ನು ಮನೆಯ ಜಗುಲಿಯ ಮೇಲೂ ಕೇಳಬಹುದು. ಗುರುದೆಸೆ ಬರಲಿ ಎಂದು ಕಾಲೇಜಿನ ಅರ್ಜಿಯನ್ನು ತಡೆಹಿಡಿಯುವ ಸಲಹೆ ಬಂದರೆ ಮಾತ್ರ ದಯವಿಟ್ಟು ಒಪ್ಪಬೇಡಿ. ದೆಸೆ ಬರುವವರೆಗೆ ಅರ್ಜಿಯ ಕೊನೆಯ ದಿನ ಕಾಯುವುದಿಲ್ಲ.

ತಂದೆತಾಯಿಗಳಲ್ಲಿ ನನ್ನ ಬೇಡಿಕೆ ಇಷ್ಟೇ. ಬೇಸಿಗೆ ರಜೆಯಲ್ಲಿ ಮಗುವನ್ನು ಕೆಲಸ ನಡೆಯುವ ಜಾಗಗಳಿಗೆ ಕರೆದೊಯ್ಯಿರಿ: ಒಂದು ವರ್ಕ್‌ಶಾಪು, ಒಂದು ಆಸ್ಪತ್ರೆ, ಒಂದು ನರ್ಸರಿ, ಒಂದು ಪ್ರೆಸ್ಸು, ಹರಾಜು ನಡೆಯುವ ಒಂದು ಮಂಡಿ. ಅಲ್ಲಿ ದುಡಿಯುವವರೊಂದಿಗೆ ಮಾತಾಡಲು ಬಿಡಿ. ಎಲ್ಲಿಂದ ಎದ್ದು ಬರಲು ಮನಸ್ಸಾಗದೆ ನಿಲ್ಲುತ್ತದೆ, ಎಲ್ಲಿ ಬೇಗ ಹೊರಡೋಣ ಎನ್ನುತ್ತದೆ, ನೋಡಿಕೊಳ್ಳಿ. ಮನೆಗೆ ಬಂದ ಮೇಲೆ ಯಾವುದರ ಬಗ್ಗೆ ತಾನಾಗಿಯೇ ಮಾತು ತೆಗೆಯುತ್ತದೆ ಎಂಬುದನ್ನು ಕೇಳಿಸಿಕೊಳ್ಳಿ. ಶಾಲೆಯ ಮೇಷ್ಟರನ್ನು, ಮೇಡಮ್ಮನನ್ನು ಒಂದು ಮಾತು ಕೇಳಿ. ಮಗನಿಗೆ ಮಾಡಿದ್ದನ್ನೆಲ್ಲ ಮಗಳಿಗೂ ಮಾಡಿ. ಇದೆಲ್ಲ ಆದ ಮೇಲೂ ಜಾತಕ ತೋರಿಸಲೇಬೇಕು ಎನ್ನಿಸಿದರೆ ತೋರಿಸಿ. ಮಗು ಆರಿಸಿದ ಓದಿಗೆ ಅದು ಅಡ್ಡ ಬರುವಂತಾದರೆ ಜಾತಕದ ಪುಸ್ತಕವನ್ನು ಪೆಟ್ಟಿಗೆಗೆ ಹಾಕಿ, ಕಾಲೇಜಿನ ಅರ್ಜಿಗೆ ಸಹಿ ಮಾಡಿ.